ತುತ್ತು ತುತ್ತಾಗಿ ಬಂದ ಮಗ್ಗ

“ಅಪ್ಪಾವರೇ, ದಿನವೂ ಅರವತ್ತು ಜನರಿಗೆ ಬಡಿಸುವವನಿಗೆ ತಾನು ಒಂಟಿ ಎಂದು ಏಕೆ ಅನಿಸಬೇಕು?”

ತನ್ನ ಗುರುಗಳನ್ನು ಹೀಗೆ ಕೇಳಿದವನು ಗುರುಪಾದಯ್ಯ. ಮಠದ ಅಡುಗೆಮನೆ, ಉಗ್ರಾಣ ಎರಡೂ ಅವನ ಹೊಣೆಯಲ್ಲಿದ್ದವು. ಆ ವರ್ಷ ಭಕ್ತರು ತಂದುಕೊಡುವ ಧಾನ್ಯ ಕಡಿಮೆಯಾಗಿತ್ತು. ಆದರೂ ಪಂಕ್ತಿಯಲ್ಲಿ ಕೂತ ಯಾರೂ ಅರೆಹೊಟ್ಟೆಯಲ್ಲಿ ಎದ್ದಿರಲಿಲ್ಲ. ಮುಂದಿನ ಬೇಸಿಗೆಗೆಂದು ಒಂದಿಷ್ಟು ಜೋಳವೂ ಉಳಿದಿತ್ತು. ಅದು ಹೇಗೆ ಉಳಿಯಿತೆಂದು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಹಿಂದಿನ ವರ್ಷ ಮೈಗೆ ಸರಿಯಾಗಿದ್ದ ಅಂಗಿ ಈಗ ಅವನ ಹೆಗಲಿನಿಂದ ಜಾರುತ್ತಿತ್ತು.

“ಸೌಟು ಹಿಡಿದು ಪಂಕ್ತಿಯ ಮುಂದೆ ನಿಂತಾಗ, ಇವರಲ್ಲಿ ಒಬ್ಬರೂ ನನ್ನವರಲ್ಲ ಎನಿಸುತ್ತದೆ,” ಎಂದ. “ಇದು ಅಹಂಕಾರವೋ, ಆಯಾಸವೋ ತಿಳಿಯುತ್ತಿಲ್ಲ.”

ಗುರುಗಳು ಅವನನ್ನು ಒಮ್ಮೆ ನೋಡಿ, “ಕೂತುಕೋ” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಹೆಸರು ಈರಬಸಪ್ಪ. ಅವನಿಗೆ ಕೆಲಸ ಗೊತ್ತಿತ್ತು, ಮಗ್ಗವಿರಲಿಲ್ಲ. ಸಾಹುಕಾರನ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ. ಸೀರೆಯ ಲಾಭ ಸಾಹುಕಾರನಿಗೆ, ಕೂಲಿ ಇವನಿಗೆ. ಸಂತೆಯ ದಿನ ಬೆಳಿಗ್ಗೆ ಕೂಲಿ ಸಿಗುತ್ತಿತ್ತು. ಅದನ್ನು ಹಾಗೆಯೇ ತಂದು ಹೆಂಡತಿಯ ಕೈಗೆ ಕೊಡುತ್ತಿದ್ದ. ಹೆಂಡತಿಯ ಹೆಸರು ನೀಲವ್ವ. ಅಷ್ಟು ಕೂಲಿಯಲ್ಲಿ ಐದು ಜೀವಗಳು ಮುಂದಿನ ಸಂತೆಯವರೆಗೆ ಬದುಕಬೇಕಿತ್ತು. ಗಂಡ, ಹೆಂಡತಿ, ಅತ್ತೆ, ಮಗಳು ಸಾವಂತ್ರಿ, ಇನ್ನೂ ತೊಟ್ಟಿಲಲ್ಲಿದ್ದ ಮಗ.

“ನಮ್ಮದೇ ಒಂದು ಮಗ್ಗ ಇದ್ದಿದ್ದರೆ” ಎಂದು ಈರಬಸಪ್ಪ ಆಗಾಗ ಹೇಳುತ್ತಿದ್ದ. ಆಗುತ್ತದೆಂದು ನಂಬಿ ಹೇಳುತ್ತಿರಲಿಲ್ಲ. ದಣಿದು ಬಂದಾಗ ನಾಲಿಗೆಗೆ ಬರುವ ಮಾತು ಅದು. ಆದರೆ ನೀಲವ್ವ ಆ ಮಾತನ್ನು ನಂಬಿದಳು.

ಅವಳು ಒಂದು ವರ್ಷ ಹಿಡಿದು ಹಿಡಿದು ಖರ್ಚು ಮಾಡಿ ಸ್ವಲ್ಪ ಹಣ ಕೂಡಿಸಿದಳು. ಗಂಡನಿಗೆ ತೋರಿಸಿದಳು. ಅವನು ಬಹಳ ಸಂತೋಷಪಟ್ಟ. ಹದಿನೈದು ದಿನದ ಮೇಲೆ ಅವನ ತಂಗಿಯ ಗಂಡ ಊರಿಗೆ ಬಂದ. ಅವನ ಎತ್ತು ಸತ್ತಿತ್ತು, ಬಿತ್ತನೆ ಹತ್ತಿರವಿತ್ತು. ಅವನು ಹೊರಟು ಹೋದ ಮೇಲೆ ಈರಬಸಪ್ಪ ಒಳಗೆ ಬಂದು ಹೇಳಿದ.

“ಕೂಡಿಸಿದ್ದನ್ನು ಅವನಿಗೆ ಕೊಟ್ಟುಬಿಟ್ಟೆ.”

“ಅವರು ಕೇಳಿದರೇನು?”

“ಇಲ್ಲ. ಮುಖ ನೋಡಿದರೆ ಸಾಕಾಗಿತ್ತು.”

ನೀಲವ್ವನಿಗೆ ಬೈಯಲು ಬಾಯಿ ಬರಲಿಲ್ಲ. ಅವನು ಮಾಡಿದ್ದು ಕೆಟ್ಟದ್ದಲ್ಲ. ಆದರೆ ಅವಳಿಗೆ ಒಂದು ವಿಷಯ ತಿಳಿಯಿತು. ಈ ಮನುಷ್ಯನಿಗೆ ಉಳಿದದ್ದು ಕಂಡರೆ ಅದು ಉಳಿಯುವುದಿಲ್ಲ. ಯಾರ ಮುಖವಾದರೂ ಅದನ್ನು ಒಯ್ಯುತ್ತದೆ. ಇನ್ನು ಮುಂದೆ ಉಳಿಸುವುದು ಯಾರಿಗೂ ಗೊತ್ತಾಗಬಾರದು ಎಂದು ಅವಳು ತೀರ್ಮಾನಿಸಿದಳು. ಉಳಿಸುವುದು ಗೊತ್ತಾಗಬಾರದೆಂದರೆ ಊಟದಲ್ಲಿ ಹಿಡಿತ ಮಾಡುವುದೂ ಗೊತ್ತಾಗಬಾರದು. ಗೊತ್ತಾದರೆ ಏಕೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ.

ಅಂದಿನಿಂದ ಅವಳು ಸಂತೆಗೆ ಬೆಳಿಗ್ಗೆ ಹೋಗುವುದನ್ನು ಬಿಟ್ಟಳು. ಅಂಗಡಿಯವರು ಗಂಟು ಕಟ್ಟುವ ಹೊತ್ತಿಗೆ ಹೋಗುತ್ತಿದ್ದಳು. ಬಾಡಿದ ಬದನೆಕಾಯಿ, ತುದಿ ಒಣಗಿದ ಮೆಂತ್ಯ, ಒಂದು ಕಡೆ ಮೆತ್ತಗಾದ ಕುಂಬಳ ಆಗ ಅಗ್ಗಕ್ಕೆ ಸಿಗುತ್ತಿದ್ದವು. ಜೋಳವನ್ನು ಸುಗ್ಗಿಯಲ್ಲೇ ಕೊಂಡು, ಹುಳು ಹಿಡಿಯದಂತೆ ಬೇವಿನ ಎಲೆ, ಬೂದಿ ಬೆರೆಸಿ ತುಂಬಿಡುತ್ತಿದ್ದಳು. ಅಕ್ಕಿಯ ಬದಲು ನುಚ್ಚು ತರುತ್ತಿದ್ದಳು. ಬೇಳೆ ಬೇಯಿಸಿ ಬಸಿದ ನೀರಿನಿಂದ ಒಂದು ಹೊತ್ತು ಸಾರು, ಬೇಳೆಯಿಂದ ಇನ್ನೊಂದು ಹೊತ್ತು ಪಲ್ಯ ಮಾಡುತ್ತಿದ್ದಳು. ಗಾಣದವರ ಮನೆಯಿಂದ ಶೇಂಗಾದ ಹಿಂಡಿ ತಂದು ಖಾರ ಹಾಕಿ ಕುಟ್ಟಿದರೆ ಚಟ್ನಿಯಾಗುತ್ತಿತ್ತು. ಹೊಲದ ಬದುವಿನಲ್ಲಿ ಬೆಳೆಯುವ ಸೊಪ್ಪುಗಳಲ್ಲಿ ಯಾವುದು ತಿನ್ನಲು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಅವಳಿಗೆ ಕಣ್ಣಿಗೆ ಬಿದ್ದೊಡನೆ ಗೊತ್ತಾಗುತ್ತಿತ್ತು. ನಿನ್ನೆಯ ರೊಟ್ಟಿ ಇಂದು ಮಜ್ಜಿಗೆಯಲ್ಲಿ ನೆನೆದು ಒಗ್ಗರಣೆ ಹಾಕಿಸಿಕೊಂಡು ಹೊಸ ತಿಂಡಿಯಂತೆ ತಾಟಿಗೆ ಬರುತ್ತಿತ್ತು. ಮಕ್ಕಳು ಅದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಆರಂಭದಲ್ಲಿ ಅವಳಿಗೆ ಇದರಲ್ಲಿ ಹೆಮ್ಮೆಯಿತ್ತು. ಎಲ್ಲರೂ ಹೊಟ್ಟೆ ತುಂಬ ಉಂಡರು, ಯಾರಿಗೂ ಗೊತ್ತಾಗಲಿಲ್ಲ ಎಂದು ಒಬ್ಬಳೇ ನಗುತ್ತಿದ್ದಳು.

ಆದರೆ ಎಷ್ಟು ಜಾಣತನ ಮಾಡಿದರೂ ಒಂದು ಸೇರು ಜೋಳಕ್ಕೆ ಇಂತಿಷ್ಟೇ ರೊಟ್ಟಿ. ಮಕ್ಕಳು ಬೆಳೆದಂತೆ ಹಸಿವೂ ಬೆಳೆಯಿತು. ಉಳಿಕೆ ಇನ್ನು ಯಾರದಾದರೂ ತಾಟಿನಿಂದ ಬರಬೇಕಾಯಿತು. ನೀಲವ್ವ ಅದನ್ನು ತನ್ನ ತಾಟಿನಿಂದ ತೆಗೆದಳು. ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದನ್ನು ಒಲೆಯ ಮುಂದೆ ಕೂತು ತಿನ್ನುತ್ತಿದ್ದಳು. ಉಳಿಯದ ದಿನ ನೀರು ಕುಡಿಯುತ್ತಿದ್ದಳು. ಯಾರಾದರೂ “ನೀನೂ ಕೂತುಕೋ” ಎಂದರೆ, “ನನ್ನದು ಆಯಿತು” ಎನ್ನುತ್ತಿದ್ದಳು. ಮೊದಮೊದಲು ಕರೆಯುತ್ತಿದ್ದರು. ಆಮೇಲೆ ಕರೆಯುವುದನ್ನು ಬಿಟ್ಟರು. ಅವಳದು ಆಗಿರುತ್ತದೆ ಎಂದು ಎಲ್ಲರಿಗೂ ರೂಢಿಯಾಯಿತು.

ಪಕ್ಕದ ಮನೆಯಲ್ಲಿ ಸಂಗವ್ವ ಎಂಬವಳಿದ್ದಳು. ಇಬ್ಬರೂ ಒಂದೇ ತಿಂಗಳಲ್ಲಿ ಮದುವೆಯಾಗಿ ಆ ಓಣಿಗೆ ಬಂದವರು. ಸಂಗವ್ವ ಏನಾದರೂ ಒಳ್ಳೆಯದು ಮಾಡಿದರೆ ಒಂದು ಬಟ್ಟಲು ಇಲ್ಲಿಗೆ ಕಳಿಸುತ್ತಿದ್ದಳು. ಬಂದ ಬಟ್ಟಲನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ಆ ಓಣಿಯಲ್ಲಿ ಇರಲಿಲ್ಲ. ನೀಲವ್ವ ಒಂದು ಸಲ ಪಲ್ಯ ಹಾಕಿ ಕೊಟ್ಟಳು. ಇನ್ನೊಂದು ಸಲ ನಾಲ್ಕು ನಿಂಬೆಹಣ್ಣು ಇಟ್ಟು ಕೊಟ್ಟಳು. ಮೂರನೆಯ ಸಲ ಬಟ್ಟಲು ಎರಡು ದಿನ ಅವಳ ಮನೆಯಲ್ಲೇ ಉಳಿಯಿತು. ತುಂಬಿ ಕೊಡಲು ಏನೂ ಹೊಂದಿಸಲಾಗಲಿಲ್ಲ. ಕೊನೆಗೆ ತಾನೇ ಹಿಡಿದುಕೊಂಡು ಹೋದಳು.

“ಸಂಗವ್ವಾ, ಇನ್ನು ಮೇಲೆ ಏನೂ ಕಳಿಸಬೇಡ. ನಮ್ಮ ಮನೆಯಲ್ಲಿ ಯಾರಿಗೂ ಖಾರ ಆಗಿಬರುವುದಿಲ್ಲ.”

“ಮೊನ್ನೆಯವರೆಗೂ ಆಗುತ್ತಿತ್ತಲ್ಲ?”

ನೀಲವ್ವ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಬಂದಳು. ಅದಾದ ಮೇಲೆ ಇಬ್ಬರೂ ಬಾವಿಯ ಹತ್ತಿರ ಸಿಕ್ಕರೆ ನೀರಿನ ಮಾತು ಆಡುತ್ತಿದ್ದರು. ಈ ಸಲ ನೀರು ಕೆಳಗೆ ಹೋಗಿದೆ ಎಂದು ಒಬ್ಬಳು ಹೇಳುತ್ತಿದ್ದಳು. ಹೌದು ಎಂದು ಇನ್ನೊಬ್ಬಳು ಹೇಳುತ್ತಿದ್ದಳು. ಬೇರೆ ಮಾತು ಇರುತ್ತಿರಲಿಲ್ಲ.

ಒಮ್ಮೆ ನೀಲವ್ವನ ಅಕ್ಕ ನಾಲ್ಕು ದಿನ ಇರಲೆಂದು ಬಂದಳು. ಅಳೆದು ಬಡಿಸುವುದನ್ನು ಕಂಡು ತಾನು ಹೊರೆ ಎಂದುಕೊಂಡಳೇನೋ, ಮರುದಿನವೇ ಏನೋ ನೆಪ ಹೇಳಿ ಹೊರಟುಹೋದಳು. ಮತ್ತೆ ಬರಲಿಲ್ಲ.

ಅತ್ತೆಗೆ ಒಂದೇ ಒಂದು ಆಸೆ. ಚಟ್ನಿಪುಡಿಯ ಮೇಲೆ ಎಣ್ಣೆ ಬೇಕು. ಎಣ್ಣೆ ಇದ್ದರೆ ಒಂದು ರೊಟ್ಟಿಯಲ್ಲೇ ಊಟ ಮುಗಿಸುತ್ತಿದ್ದಳು.

“ನೀಲವ್ವಾ, ಒಂದು ಚಮಚ ಎಣ್ಣೆ ಹಾಕವ್ವ.”

“ಎಣ್ಣೆಯಿಂದ ಕೆಮ್ಮು ಬರುತ್ತದೆ ಅತ್ತೆ. ವಯಸ್ಸಾದವರಿಗೆ ಒಳ್ಳೆಯದಲ್ಲ.”

ಮುದುಕಿ ಸೊಸೆಯ ಮುಖ ನೋಡಿದಳು. ಒಣ ಚಟ್ನಿಯಲ್ಲೇ ರೊಟ್ಟಿ ಮುರಿದಳು. ಹಾಗೆ ಒಂದು ದಿನವಲ್ಲ, ಅನೇಕ ದಿನ ಆಯಿತು. ಸೊಸೆಯ ಕೈ ಬಿಗಿ, ಉಣ್ಣುವಾಗ ತುತ್ತು ಎಣಿಸುತ್ತಾಳೆ ಎಂದು ಅವಳು ಕಟ್ಟೆಯ ಮೇಲೆ ಕೂತು ಹೇಳತೊಡಗಿದಳು. ಒಳಗೆ ಹಿಟ್ಟು ನಾದುತ್ತಿದ್ದ ನೀಲವ್ವನಿಗೆ ಅದು ಕೇಳುತ್ತಿತ್ತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮಗ್ಗ ಬಂದ ದಿನ ಎಲ್ಲರಿಗೂ ತಾನಾಗಿಯೇ ತಿಳಿಯುತ್ತದೆ ಎಂದುಕೊಂಡಳು. ಆ ದಿನಕ್ಕಾಗಿ ಅವಳು ಎಲ್ಲ ಮಾತುಗಳನ್ನೂ ನುಂಗಿಕೊಂಡಳು.

ನಾಲ್ಕನೆಯ ವರ್ಷ ಅತ್ತೆ ತನ್ನ ಮಗಳ ಊರಿಗೆ ಹೇಳಿ ಕಳಿಸಿದಳು. ಅಳಿಯ ಬಂಡಿ ತಂದ. ಮುದುಕಿ ಎರಡು ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದಳು.

“ನನ್ನ ಹೊಟ್ಟೆ ನಿನಗೆ ಭಾರವಾಗಿದೆ ಎಂದು ಬಹಳ ದಿನದಿಂದ ಗೊತ್ತಿತ್ತು. ಮಗನ ಮುಖ ನೋಡಿಕೊಂಡು ಇದ್ದೆ,” ಎಂದಳು.

“ಹಾಗೆ ಅನ್ನಬೇಡಿ ಅತ್ತೆ.”

“ಮತ್ತೆ ಹೇಗೆ ಅನ್ನಬೇಕು, ನೀನೇ ಹೇಳು.”

ನೀಲವ್ವ ತಲೆ ತಗ್ಗಿಸಿದಳು. ಮುದುಕಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಂಡಿ ಹತ್ತಿದಳು. ಈರಬಸಪ್ಪ ಓಣಿಯ ಕೊನೆಯವರೆಗೆ ನಡೆದು ಹೋಗಿ ತಾಯಿಯನ್ನು ಕಳಿಸಿ ಬಂದ. ಹೆಂಡತಿಯನ್ನು ಒಮ್ಮೆ ನೋಡಿದ. ಏನೂ ಕೇಳದೆ ಸಾಹುಕಾರನ ಮನೆಗೆ ಕೆಲಸಕ್ಕೆ ಹೋದ.

ಆ ವಾರ ಹಿಟ್ಟಿನ ಡಬ್ಬಿಯಲ್ಲಿ ಹಿಟ್ಟು ಹೆಚ್ಚು ಉಳಿಯಿತು. ಡಬ್ಬಿಯೊಳಗೆ ಕೈ ಹಾಕಿದ ನೀಲವ್ವನಿಗೆ ಮೊದಲು ಸಂತೋಷವಾಯಿತು. ಹೀಗೇ ಆದರೆ ಮಗ್ಗ ಒಂದು ವರ್ಷ ಮುಂಚೆ ಬರುತ್ತದೆ ಎಂದು ಮನಸ್ಸು ಲೆಕ್ಕ ಹಾಕಿಬಿಟ್ಟಿತು. ಆಮೇಲೆ ಅವಳು ಕೈಯನ್ನು ಡಬ್ಬಿಯಿಂದ ತೆಗೆಯದೆ ಹಾಗೆಯೇ ಕೂತಳು. ಅತ್ತೆ ಹೋದದ್ದರಿಂದ ತನ್ನ ಮನಸ್ಸಿಗೆ ಇಂಥ ಸಂತೋಷ ಆಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಯಾರಿಗಾದರೂ ಹೇಳಿಕೊಂಡು ಅಳಬೇಕೆನಿಸಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸಂಗವ್ವನ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು.

ಇನ್ನೂ ಒಂದು ವರ್ಷ ಕಳೆಯಿತು. ಸಾವಂತ್ರಿಗೆ ಒಂಬತ್ತು ತುಂಬಿತ್ತು. ಒಂದು ದಿನ ಮಧ್ಯಾಹ್ನ ಮಕ್ಕಳಿಬ್ಬರೂ ಉಣ್ಣಲು ಕೂತಿದ್ದರು. ತಮ್ಮ ಇನ್ನೊಂದು ರೊಟ್ಟಿ ಬೇಕೆಂದು ಹಟ ಹಿಡಿದ. ಬುಟ್ಟಿಯಲ್ಲಿ ಇದ್ದದ್ದು ತಂದೆಯ ಪಾಲಿನ ರೊಟ್ಟಿ. ನೀಲವ್ವ ಅದರ ಮೇಲೆ ಬಟ್ಟೆ ಮುಚ್ಚಿದಳು. ಸಾವಂತ್ರಿ ತನ್ನ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ತಮ್ಮನ ಕಡೆಗೆ ಸರಿಸಿದಳು.

“ನೀನು ಉಣ್ಣಲ್ಲವೇ?” ಎಂದ ಹುಡುಗ.

“ನನ್ನದು ಆಯಿತು,” ಎಂದಳು ಅವಳು.

ಅದೇ ಮಾತು, ಅದೇ ದನಿ. ಹೇಳಿ ತಾಟು ಎತ್ತಿಕೊಂಡು ಎದ್ದಳು. ನೀಲವ್ವ ಮಗಳನ್ನು ತಡೆಯಬೇಕೆಂದುಕೊಂಡಳು. ಸುಳ್ಳು ಹೇಳಬೇಡ, ಕೂತು ಉಣ್ಣು ಎನ್ನಬೇಕೆಂದುಕೊಂಡಳು. ಆದರೆ ಆ ಸುಳ್ಳನ್ನು ಕಲಿಸಿದವಳು ತಾನೇ. ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಪಾತ್ರೆ ತೊಳೆದರು.

ಏಳನೆಯ ವರ್ಷ ಮಗ್ಗ ಬಂತು.

ನೀಲವ್ವ ಉಳಿಸಿದ ಹಣದ ಗಂಟನ್ನು ತಂದು ಗಂಡನ ಮುಂದೆ ಬಿಚ್ಚಿದಳು. “ಇದು ಮಗ್ಗಕ್ಕೆ. ಯಾರಿಗೂ ಕೊಡಬೇಡಿ,” ಎಂದಳು. ಈರಬಸಪ್ಪ ಗಂಟನ್ನು ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಎದ್ದು ಹೋಗಿ ಬಡಿಗನನ್ನು ಕರೆದುಕೊಂಡು ಬಂದ. ನಡುಮನೆಯಲ್ಲಿ, ನೇಯುವವನು ಕಾಲು ಇಳಿಬಿಟ್ಟು ಕೂರಲು, ಕುಣಿ ತೋಡಿದರು. ಮಗ್ಗ ನಿಂತಿತು. ಓಣಿಯವರು ನೋಡಲು ಬಂದರು. ಸಂಗವ್ವನೂ ಬಂದಳು. ಮಗ್ಗದ ಮರ ಒಳ್ಳೆಯದಿದೆ ಎಂದಳು. ಕೂತುಕೋ ಎಂದರೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೊರಟಳು.

ಮೊದಲ ಸೀರೆ ಮಾರಿದ ದಿನ ನೀಲವ್ವ ಹೋಳಿಗೆ ಮಾಡಿದಳು. ಅನ್ನ ಮಾಡಿದಳು, ನುಚ್ಚಿನದಲ್ಲ, ಅಕ್ಕಿಯದು. ಬದನೆಕಾಯಿಗೆ ಎಣ್ಣೆ ಕಾಣುವಂತೆ ಹಾಕಿದಳು. ಏಳು ವರ್ಷ ಅವಳು ಕಾದದ್ದು ಈ ದಿನಕ್ಕೆ. ಎಲ್ಲರನ್ನೂ ಕೂರಿಸಿದಳು. ಸಾವಂತ್ರಿ, “ಇವತ್ತು ನಾನು ಬಡಿಸುತ್ತೇನೆ, ನೀನು ಕೂತುಕೋ ಅವ್ವಾ,” ಎಂದಳು. ನೀಲವ್ವ ಗಂಡನ ಪಕ್ಕದಲ್ಲಿ ತಾಟು ಇಟ್ಟುಕೊಂಡು ಕೂತಳು.

ಸಾವಂತ್ರಿ ತಂದೆಗೆ ಬಡಿಸಿದಳು. ತಮ್ಮನಿಗೆ ಬಡಿಸಿದಳು. ತಾಯಿಯ ಮುಂದೆ ಬಂದು ನಿಂತಳು. ಕೈ ಮುಂದೆ ಹೋಗಲಿಲ್ಲ.

“ಅವ್ವಾ, ನಿನಗೆ ಎಷ್ಟು ಹಾಕಲಿ?”

“ಸಾಕಾಗುವಷ್ಟು ಹಾಕು.”

“ನಿನಗೆ ಎಷ್ಟು ಸಾಕಾಗುತ್ತದೆ? ನೀನು ಉಣ್ಣುವುದನ್ನು ನಾನು ನೋಡಿಯೇ ಇಲ್ಲ.”

ನೀಲವ್ವನಿಗೂ ಎಷ್ಟು ಎಂದು ಗೊತ್ತಿರಲಿಲ್ಲ. ಹುಡುಗಿ ಎರಡು ಹೋಳಿಗೆ ಹಾಕಿದಳು. ನೀಲವ್ವ ಒಂದನ್ನು ಮುಗಿಸುವ ಹೊತ್ತಿಗೆ ಹೊಟ್ಟೆ ಒಪ್ಪಲಿಲ್ಲ. ಉಳಿದದ್ದನ್ನು ಹಾಗೆಯೇ ನೋಡುತ್ತ ಕೂತಳು. ಪಕ್ಕದಲ್ಲಿ ಗಂಡ ಉಣ್ಣುತ್ತಿದ್ದ, ಎದುರಿಗೆ ಮಗ ಉಣ್ಣುತ್ತಿದ್ದ. ಅವರ ನಡುವೆ ಅವಳು ಬೇರೆ ಊರಿನಿಂದ ಬಂದ ನೆಂಟರಂತೆ ಕೂತಿದ್ದಳು.

ಮರುದಿನ ಬೆಳಿಗ್ಗೆ ಹೋಳಿಗೆ ಕಟ್ಟಿಕೊಂಡು, ಒಂದು ಸೀಸೆಯಲ್ಲಿ ಶೇಂಗಾ ಎಣ್ಣೆ ತುಂಬಿಕೊಂಡು ಅತ್ತೆ ಇದ್ದ ಊರಿಗೆ ನಡೆದಳು. ಬಿಸಿಲು ಏರುವ ಹೊತ್ತಿಗೆ ಮುಟ್ಟಿದಳು. ಮುದುಕಿ ಪಡಸಾಲೆಯಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಕಣ್ಣು ಮಂಜಾಗಿತ್ತು. ನೀಲವ್ವ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಮಗ್ಗ, ಗಂಟು, ಎಣ್ಣೆ, ಏಳು ವರ್ಷ. ಕಾಳಿನಲ್ಲಿದ್ದ ಮುದುಕಿಯ ಕೈ ನಿಂತಿತು.

“ಮನೆಗೆ ಬನ್ನಿ ಅತ್ತೆ. ಈಗ ಯಾವುದಕ್ಕೂ ಕೊರತೆಯಿಲ್ಲ,” ಎಂದಳು ನೀಲವ್ವ.

“ಎಣ್ಣೆ ಇಲ್ಲ ಎಂದು ಹೇಳಿದ್ದರೆ ಸಾಕಾಗಿತ್ತು,” ಎಂದಳು ಮುದುಕಿ. “ಕೆಮ್ಮು ಬರುತ್ತದೆ ಎಂದೆ.”

“ತಪ್ಪಾಯಿತು.”

“ಬರಗಾಲದ ವರ್ಷ ನಿನ್ನ ಗಂಡನನ್ನು ಹುಣಸೆಬೀಜ ಬೇಯಿಸಿ ತಿನ್ನಿಸಿ ಬದುಕಿಸಿದವಳು ನಾನು. ಒಂದು ಹಿಡಿ ಹಿಟ್ಟಿನಲ್ಲಿ ನಾಲ್ಕು ಜನರಿಗೆ ಅಂಬಲಿ ಕಾಸುವುದು ನನಗೆ ಬರುತ್ತಿತ್ತು. ನನ್ನನ್ನು ಕೇಳಬಹುದಿತ್ತಲ್ಲ ತಂಗೀ. ಇಬ್ಬರೂ ಸೇರಿ ಮಾಡಬಹುದಿತ್ತು.”

ನೀಲವ್ವ ಅಳತೊಡಗಿದಳು. ಮುದುಕಿ ಕೈ ಚಾಚಿ ಅವಳ ತಲೆಯನ್ನು ಹುಡುಕಿ ಮುಟ್ಟಿದಳು.

“ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ನಾನು ಬರುವುದಿಲ್ಲ. ನಿನ್ನನ್ನು ಊರ ತುಂಬ ಬೈದುಕೊಂಡು ಬಂದಿದ್ದೇನೆ. ಸುಳ್ಳು ಸುಳ್ಳೇ ಬೈದಿದ್ದೇನೆ. ಯಾವ ಮುಖ ಇಟ್ಟುಕೊಂಡು ಆ ಕಟ್ಟೆಯ ಮೇಲೆ ಮತ್ತೆ ಕೂರಲಿ?”

ನೀಲವ್ವ ಎಷ್ಟು ಬೇಡಿಕೊಂಡರೂ ಮುದುಕಿ ಒಪ್ಪಲಿಲ್ಲ. ಹೋಳಿಗೆ ತೆಗೆದುಕೊಂಡಳು. ಒಂದು ಚೂರು ಮುರಿದು ಸೊಸೆಯ ಎದುರಿಗೇ ಬಾಯಿಗೆ ಹಾಕಿಕೊಂಡಳು. ಚೆನ್ನಾಗಿದೆ ಎಂದಳು.

ನೀಲವ್ವ ಬಂದ ದಾರಿಯಲ್ಲೇ ಹಿಂತಿರುಗಿದಳು. ದಾರಿಯಲ್ಲಿ ನಾಲ್ಕು ಜನ ಹೆಂಗಸರು ಹೊಲದಿಂದ ಬರುತ್ತ ಮಾತಾಡಿಕೊಂಡು ನಗುತ್ತಿದ್ದರು. ಅವಳು ಅವರ ಹಿಂದೆ ಸ್ವಲ್ಪ ದೂರ ನಡೆದಳು. ಅವರು ಕವಲು ದಾರಿಯಲ್ಲಿ ತಿರುಗಿಕೊಂಡರು. ಮುಂದಿನ ದಾರಿ ಒಬ್ಬಳೇ ನಡೆದಳು.

ಮನೆಗೆ ಬಂದಾಗ ಈರಬಸಪ್ಪ ಮಗ್ಗದಲ್ಲಿ ಕೂತಿದ್ದ. ಮಕ್ಕಳು ಹೊರಗಿದ್ದರು. ಅವಳು ಕುಣಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನಡೆದದ್ದನ್ನು ಹೇಳಿದಳು. ಹೇಳಿ ಮುಗಿಸಿದ ಮೇಲೆ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

“ನಿಮಗೆ ಗೊತ್ತಿತ್ತೇನು?”

ಅವನು ಲಾಳಿಯನ್ನು ಕೆಳಗಿಟ್ಟ. “ಗೊತ್ತಿತ್ತು.”

“ಯಾವಾಗಿನಿಂದ?”

“ಎರಡನೆಯ ವರ್ಷದಿಂದ. ಒಂದು ಮಧ್ಯಾಹ್ನ ಏನೋ ಮರೆತು ಮನೆಗೆ ಬಂದಿದ್ದೆ. ನೀನು ಒಲೆಯ ಮುಂದೆ ಕೂತು ರೊಟ್ಟಿಯ ಚೂರು ನೀರಲ್ಲಿ ಅದ್ದಿ ತಿನ್ನುತ್ತಿದ್ದೆ. ಬಾಗಿಲಿನಿಂದಲೇ ತಿರುಗಿ ಹೋದೆ.”

“ಒಳಗೆ ಏಕೆ ಬರಲಿಲ್ಲ?”

“ಮೊದಲ ಸಲ ಕೂಡಿಸಿದ್ದನ್ನು ಕಳೆದವನು ನಾನು. ಏನೆಂದು ಕೇಳಲಿ? ಅಂದಿನಿಂದ ಸಾಹುಕಾರರ ಮನೆಯಲ್ಲಿ ತಿಂದೆ ಎಂದು ಹೇಳಿ ಒಂದು ರೊಟ್ಟಿ ಬಿಡುತ್ತ ಬಂದೆ. ಅಲ್ಲಿ ಯಾರೂ ಏನೂ ಕೊಡುತ್ತಿರಲಿಲ್ಲ.” ಸ್ವಲ್ಪ ತಡೆದು ಹೇಳಿದ. “ಅವ್ವನಿಗಾದರೂ ಹೇಳಬೇಕಿತ್ತು. ನಾನೂ ಹೇಳಲಿಲ್ಲ.”

“ಅಂದು ಆ ಬಾಗಿಲಿನಿಂದ ಒಳಗೆ ಬಂದಿದ್ದರೆ,” ಎಂದಳು ನೀಲವ್ವ. ಒಂದೇ ಸೂರಿನ ಕೆಳಗೆ ಇಬ್ಬರೂ ಐದು ವರ್ಷ ಹಸಿದಿದ್ದರು. ಒಬ್ಬರು ಒಲೆಯ ಮುಂದೆ, ಒಬ್ಬರು ಸಾಹುಕಾರನ ಮಗ್ಗದ ಮುಂದೆ.

ಆ ಮೇಲೆ ಮಗ್ಗ ನಡೆಯಿತು. ನಾಲ್ಕು ವರ್ಷದಲ್ಲಿ ಎರಡು ಮಗ್ಗಗಳಾದವು. ಸಾವಂತ್ರಿಯ ಮದುವೆ ಚೆನ್ನಾಗಿ ಆಯಿತು. ಗಂಡ ಹೆಂಡತಿ ಒಟ್ಟಿಗೆ ಕೂತು ಉಣ್ಣುವುದನ್ನು ಕಲಿತರು, ಆದರೆ ಬಹಳ ನಿಧಾನವಾಗಿ. ತಾಟಿನ ಮುಂದೆ ಕೂತಾಗ ಇಬ್ಬರಿಗೂ ಎಷ್ಟೋ ದಿನ ನಾಚಿಕೆಯಾಗುತ್ತಿತ್ತು. ಅತ್ತೆ ಮಗಳ ಮನೆಯಲ್ಲೇ ತೀರಿಕೊಂಡಳು. ಅದಕ್ಕೆ ಮೊದಲು ನೀಲವ್ವ ಮೂರು ಸಲ ಕರೆಯಲು ಹೋಗಿದ್ದಳು. ಮೂರು ಸಲವೂ ಒಬ್ಬಳೇ ಹಿಂತಿರುಗಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದಯ್ಯ ತಲೆ ಎತ್ತದೆ ಕೇಳಿದ.

“ಆಕೆ ಮಾಡಿದ ತಪ್ಪಾದರೂ ಏನು ಅಪ್ಪಾವರೇ? ಯಾರ ಅನ್ನವನ್ನೂ ಕಸಿಯಲಿಲ್ಲ. ಬಿಟ್ಟದ್ದು ತನ್ನ ಪಾಲನ್ನೇ. ಮಗ್ಗವೂ ಮನೆಯವರಿಗಾಗಿಯೇ ಬಂತು.”

“ಅನ್ನವನ್ನು ಎಲ್ಲರಿಗೂ ಹಂಚಿದಳು ಗುರುಪಾದಯ್ಯ, ಹಸಿವನ್ನು ಯಾರಿಗೂ ಹಂಚಲಿಲ್ಲ,” ಎಂದರು ಗುರುಗಳು.

ಗುರುಪಾದಯ್ಯ ಹೆಗಲಿನಿಂದ ಜಾರಿದ ಅಂಗಿಯನ್ನು ಸರಿಮಾಡಿಕೊಂಡು, ಉಗ್ರಾಣದಲ್ಲಿ ಉಳಿದ ಜೋಳ ತಾನು ಉಣ್ಣದೆ ಬಿಟ್ಟದ್ದು ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದ.